ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಕಾಕನಕೋಟೆ ಕಾಡಿನ ಅಂಚಿನ ಆ ಊರಿಗೆ ಮೊಬೈಲ್ ಟವರ್ ಬರಲೇ ಇಲ್ಲ. ಎರಡು ವರ್ಷದ ಹಿಂದೆ ಒಂದು ಸಂಸ್ಥೆಯವರು ಹಾಲಿನ ಡೈರಿಯ ತಾರಸಿ ಮೇಲೆ ಉಪಗ್ರಹದಿಂದ ಇಂಟರ್‌ನೆಟ್ ಹಿಡಿಯುವ ಡಿಶ್ ಕೂರಿಸಿ, ಅದನ್ನು ಹಂಚುವ ಕೆಲಸ ನಂಜುಂಡೇಶನಿಗೆ ಒಪ್ಪಿಸಿ ಹೋದರು. ಅವನು ಡೈರಿಯ ಕಾರ್ಯದರ್ಶಿ. ಅಳತೆಯಲ್ಲಿ ಒಂದು ಹನಿ ಆಚೀಚೆ ಮಾಡದವನೆಂದು ಹೆಸರಿತ್ತು.

ಒಟ್ಟು ಕನೆಕ್ಷನ್ ಇಪ್ಪತ್ತನಾಲ್ಕು. ಊರಿನ ಇಪ್ಪತ್ತಮೂರು ಮನೆಗೆ ಒಂದೊಂದು, ಒಂದೂವರೆ ಮೈಲಿ ಆಚೆಯ ಗಿರಿಜನರ ಹಾಡಿಯ ಅಂಗನವಾಡಿಗೆ ಒಂದು. ವೇಗವನ್ನೆಲ್ಲ ಇಪ್ಪತ್ತನಾಲ್ಕು ಸಮಪಾಲು ಮಾಡಿ ನಂಜುಂಡೇಶ ಕಂಪ್ಯೂಟರಿನಲ್ಲಿ ಬಿಗಿ ಮಾಡಿಟ್ಟಿದ್ದ. ಒಬ್ಬರ ಪಾಲು ಖಾಲಿ ಬಿದ್ದಿದ್ದರೂ ಇನ್ನೊಬ್ಬರಿಗೆ ಹೋಗುತ್ತಿರಲಿಲ್ಲ.

ಅಂಗನವಾಡಿ ಟೀಚರ್ ಪುಷ್ಪಾ ಎರಡು ಸಲ ಬಂದು ಕೇಳಿದ್ದಳು. "ಅಣ್ಣ, ಹಾಡೀಲಿ ನಲವತ್ತು ಮನೆ ಅವೆ. ಮಕ್ಕಳ ಪಾಠ, ರೇಷನ್ ಹೆಬ್ಬೆಟ್ಟು, ಫೋನು, ಎಲ್ಲಾ ಅದೊಂದ್ರಲ್ಲೇ. ವಸಿ ಜಾಸ್ತಿ ಮಾಡಿಕೊಡಿ."

"ಎಲ್ರಿಗೂ ಒಂದೇ ಪಾಲು ಕಣಮ್ಮ. ನಿಮಗೆ ಎಚ್ಚು ಕೊಟ್ರೆ ನಾಳೆ ಊರೆಲ್ಲ ನನ್ ಬಾಗಿಲಿಗೆ ಬತ್ತದೆ" ಎಂದಿದ್ದ ಅವನು. ಅದು ನ್ಯಾಯವೆಂದೇ ಅವನು ನಂಬಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪುಷ್ಪಾಳ ಫೋನಿಗೆ ಮೈಸೂರಿನ ಆಸ್ಪತ್ರೆಯಿಂದ ವಿಡಿಯೊ ಕರೆ ಬಂತು. ಮಾಡಿದವನು ಹಾಡಿಯ ಮುದ್ದಯ್ಯ. ಅವನ ಹೆಂಡತಿ ಪುಟ್ಟಿಗೆ ಹೆರಿಗೆಯಾದ ಮೇಲೆ ಹತ್ತಿದ್ದ ಜ್ವರ ಇಳಿದಿರಲಿಲ್ಲ. "ಅವ್ವನ್ನ ನೋಡ್ಬೇಕಂತೆ, ಬೇಗ ಕರೀರಿ" ಎಂದ ಅವನ ಮಾತು ತುಂಡುತುಂಡಾಗಿ ಬಂತು.

ಪುಟ್ಟಿಯ ತಾಯಿ ಚಿಕ್ಕಸಿದ್ದಮ್ಮ ರೇಷನ್ ಸಾಲಿನಲ್ಲೇ ನಿಂತಿದ್ದಳು. ಓಡಿಬಂದು ಫೋನು ಹಿಡಿದಳು. ಮಗಳ ಮುಖ ಒಮ್ಮೆ ಮೂಡಿ, ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು. ದನಿ ಬರಲಿಲ್ಲ. ಪುಷ್ಪಾ ಹೆಬ್ಬೆಟ್ಟಿನ ಯಂತ್ರ ನಿಲ್ಲಿಸಿದಳು. ಯಾರೂ ಹೇಳದೆಯೇ ಎಲ್ಲರೂ ತಮ್ಮ ಫೋನು ಆರಿಸಿದರು. ಆದರೂ ಮುಖ ಅಲುಗಲಿಲ್ಲ.

ಫೋನನ್ನು ಅವಳ ಕೈಯಲ್ಲೇ ಬಿಟ್ಟು ಪುಷ್ಪಾ ಸ್ಕೂಟರಿನಲ್ಲಿ ಡೈರಿಗೆ ಬಂದಳು.

"ಅಣ್ಣ, ಪುಟ್ಟಿ ಆಸ್ಪತ್ರೇಲಿ ಉಳಿಯೋ ಅಂಗಿಲ್ಲ, ಅವ್ವನ್ನ ನೋಡ್ಬೇಕಂತೆ. ಅರ್ಧ ಗಂಟೆ. ಊರಿನ ಪಾಲು ನಮ್ಗೆ ಬುಡಿ."

"ಡೈರಿ ಕಮಿಟಿ ಕೇಳ್ದೆ ಎಂಗಮ್ಮ? ಅಧ್ಯಕ್ಷರು ಷಣ್ಮುಖಪ್ಪನೋರು ತೋಟಕ್ಕೆ ಓಗವ್ರೆ. ಬರ್ಲಿ."

"ಅವ್ರು ಬರೋಗಂಟ ಆ ಮಗಾ ಇದ್ದಾಳಾ?"

ನಂಜುಂಡೇಶ ಪರದೆ ತಿರುಗಿಸಿ ನೋಡಿದ. ಊರಿನವರೆಲ್ಲ ಶುಂಠಿ ಹೊಲದಲ್ಲಿದ್ದರು. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಪಾಲು ಖಾಲಿ. ಅಷ್ಟಾದರೂ ಅವನ ಕೈ ತಡೆಯಿತು. ಷಣ್ಮುಖಪ್ಪನವರ ತೋಟಕ್ಕೆ ಆಳು ಕಳಿಸಿ ಕಾದ. ಇಪ್ಪತ್ತು ನಿಮಿಷ ಕಳೆದ ಮೇಲೆ, ಯಾರೂ ಬಾರದಿದ್ದಾಗ, ತಾನೇ ಅಷ್ಟನ್ನೂ ಹಾಡಿಗೆ ಬಿಟ್ಟ.

ಪುಷ್ಪಾ ಹಿಂತಿರುಗಿದಾಗ ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಅದರಲ್ಲಿ ಇದ್ದದ್ದು ಆಸ್ಪತ್ರೆಯ ಗೋಡೆ, ಅಳುತ್ತಿದ್ದ ಮುದ್ದಯ್ಯ.

ಪುಟ್ಟಿಯ ಹನ್ನೊಂದನೆಯ ದಿನದ ಕಾರ್ಯ ಕಳೆದ ಮೇಲೆ ನಂಜುಂಡೇಶ ಹಾಡಿಗೆ ಹೋದ. ಇನ್ನು ಮೇಲೆ ಕನೆಕ್ಷನ್ ಲೆಕ್ಕ ಬಿಟ್ಟು ಮನೆಗಳ ಲೆಕ್ಕದಲ್ಲಿ ಹಂಚುವುದೆಂದು ಕಮಿಟಿಯಲ್ಲಿ ಜಗಳವಾಡಿ ಒಪ್ಪಿಸಿದ್ದ. ಅದನ್ನು ಹೇಳಬೇಕೆಂದೇ ಬಂದಿದ್ದ. ಚಿಕ್ಕಸಿದ್ದಮ್ಮ ಜಗಲಿಯ ಮೇಲೆ ಮೊಮ್ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು.

"ಏನೋ ಏಳ್ತಿದ್ಲು ಸಾಮಿ. ಬಾಯಿ ತೆಗ್ದಿದ್ಲು. ಏನಂತ ಗೊತ್ತಾಗ್ನಿಲ್ಲ" ಎಂದಳು.

ಕಂಬಕ್ಕೆ ಒರಗಿದ್ದ ಮುದ್ದಯ್ಯ ತಲೆ ಎತ್ತಲಿಲ್ಲ. ಇಷ್ಟು ದಿನ ಅತ್ತೆ ಎಷ್ಟು ಕೇಳಿದರೂ ಅವನು ಹೇಳಿರಲಿಲ್ಲ.

"ಬ್ಯಾರೆ ಏನೂ ಏಳ್ನಿಲ್ಲ ಕಣತ್ತೆ" ಎಂದ. "'ಅವ್ವಾ, ಕೇಳುಸ್ತದಾ? ಅವ್ವಾ, ಕೇಳುಸ್ತದಾ?' ಅಂತಾನೆ ಕೇಳ್ತಿದ್ಲು. ಕೊನೇಗಂಟ ಅದ್ನೇ."

ಚಿಕ್ಕಸಿದ್ದಮ್ಮ ಮಗುವಿನ ಕಿವಿಯ ಮೇಲೆ ಸೆರಗು ಎಳೆದಳು. ಮಗು ಎಚ್ಚೆತ್ತು ಅಳತೊಡಗಿದಾಗ ನಂಜುಂಡೇಶ ತಂದಿದ್ದ ಸುದ್ದಿ ಹೇಳದೆಯೇ ಮೆಲ್ಲಗೆ ಜಗಲಿ ಇಳಿದು ಹೋದ.