ಬಾಯಿ ಬಿಡದ ಡಿಕ್ಕಿ

ನಮ್ಮ ನೀಲಗಿರಿಯ ಬಡಗರಲ್ಲಿ ಸಾಯುವವರ ಬಾಯಿಗೆ ತುಪ್ಪದಲ್ಲಿ ಅದ್ದಿದ ‘ಹಣ’ ಎಂಬ ಚಿಕ್ಕ ಚಿನ್ನದ ನಾಣ್ಯವೊಂದನ್ನು ಹಾಕುತ್ತೇವೆ. ಜೀವ ಇರುವಾಗಲೇ ಹಾಕಬೇಕು. ನಮ್ಮ ಮನೆಯ ಹಣ ಊಟಿಯ ಬ್ಯಾಂಕ್ ಲಾಕರಿನಲ್ಲಿತ್ತು. ಅವ್ವೆಯ ವಿಷಯದಲ್ಲಿ ಡಾಕ್ಟರು ಕೈಚೆಲ್ಲಿದ ದಿನ ಮಧ್ಯಾಹ್ನವೇ ಹೋಗಿ ತಂದೆ. ದಾರಿಯಲ್ಲಿ ಔಷಧಿ ಅಂಗಡಿಗೆ ಇಳಿಯಬೇಕಿತ್ತು. ಪೇಟೆಯ ಜೇಬುಗಳ್ಳರಿಗೆ ಹೆದರಿ ಹಣವನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಎಂಥ ಬುದ್ಧಿವಂತ ನಾನು!

ಸೋಲೂರಿನ ಮನೆ ಮುಂದೆ ನಿಲ್ಲಿಸಿ ಸೀಟಿನ ಪಕ್ಕದ ಗುಂಡಿ ಒತ್ತಿದೆ. ಡಿಕ್ಕಿ ಮಿಸುಕಲಿಲ್ಲ. ಕೀಲಿ ಹಾಕೋಣವೆಂದರೆ ತೂತೇ ಇಲ್ಲ. ಎರಡು ಸಾವಿರದ ಮೂರರಲ್ಲಿ ಕೊಯಮತ್ತೂರಿನಲ್ಲಿ ಬಣ್ಣ ಹೊಡೆಸುವಾಗ, ಅಂದ ಕೆಡುತ್ತದೆಂದು ನಾನೇ ಅದನ್ನು ಮುಚ್ಚಿಸಿ ಈ ಗುಂಡಿ ಹಾಕಿಸಿದ್ದೆ. ಗುಂಡಿ ಒತ್ತಿದರೆ ತೆರೆಯುವ ಡಿಕ್ಕಿ ಊರಲ್ಲಿ ಬೇರೆ ಯಾರಿಗಿದೆ ಎಂದು ಒಂದು ವರ್ಷದಿಂದ ಮೆರೆಯುತ್ತಿದ್ದೆ.

ತಂಗಿ ಮಲ್ಲಿಯ ಗಂಡ ಹಾಲನ್ ಹಾರೆ ಹಿಡಿದು ಬಂದ.

"ಭಾವಾ, ಒಂದೇಟು. ಮೀಟಿಬಿಡ್ತೇನೆ."

"ನಿಲ್ಲು ಮಾರಾಯ, ಪೇಂಟು ಹೋಯ್ತದೆ. ಒಂದು ನಿಮಿಷ."

ಫ್ಯೂಸ್ ತೆಗೆದು ನೋಡಿದೆ, ಸರಿಯಿತ್ತು. ಬ್ಯಾಟರಿ ಸತ್ತಿದೆಯೇ ಎಂದು ಹಾರ್ನ್ ಒತ್ತಿದೆ. ಅದು ಕಿರುಚಿತು. ಜಗಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ತಲೆಯೆತ್ತಿ ನನ್ನನ್ನೇ ನೋಡಿದರು. ಮಲ್ಲಿ ಬಾಗಿಲಿಗೆ ಬಂದು "ಅಣ್ಣಾ, ಒಳಗ ಬಾ" ಎಂದಳು.

"ಬಂದೆ, ಬಂದೆ."

ಹಿಂದಿನ ಸೀಟು ಕಿತ್ತೆ. ಅದರ ಹಿಂದೆ ತಗಡು, ಕೈ ತೂರುವಷ್ಟು ಸಂದು. ಮೊಣಕೈ ತರಚಿಕೊಂಡು ತಡಕಿದಾಗ, ಮುಚ್ಚಳದ ಕೀಲಿನ ಬಳಿ ಬಾಗಿ ಬಾಗಿ ತುಂಡಾದ ವೈರು ಸಿಕ್ಕಿತು. ಮಲ್ಲಿ ಮತ್ತೆ ಕರೆದಳು. ತಪ್ಪು ಎಲ್ಲಿದೆಯೆಂದು ಗೊತ್ತಾದ ಖುಷಿಯಲ್ಲಿದ್ದೆ, ಹೇಳಲು ನಾಚಿಕೆಯಾಗುತ್ತದೆ. ತುದಿಗಳನ್ನು ಹಲ್ಲಿನಿಂದ ಸುಲಿದು ಜೋಡಿಸಿ ಹಿಡಿದೆ. ಹಾಲನ್ ಗುಂಡಿ ಒತ್ತಿದ. ಟಕ್ಕೆಂದು ಡಿಕ್ಕಿ ತೆರೆಯಿತು. ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಹಣ ಹಿಡಿದು ಒಳಗೆ ಓಡಿದೆ. ಅವ್ವೆಯ ಕಣ್ಣು ಮುಚ್ಚಿಸಿ ಆಗಿತ್ತು. ಮಲ್ಲಿಯ ಮೂಗು ಬರಿದಾಗಿತ್ತು. ತನ್ನ ಮೂಗುತಿಯನ್ನೇ ತುಪ್ಪದಲ್ಲಿ ಅದ್ದಿ ಬಾಯಿಗೆ ಮುಟ್ಟಿಸಿದ್ದಳು.

"ಹಣ ಸಿಕ್ಕಿತು" ಎಂದೆ, ದಡ್ಡನ ಹಾಗೆ ಅಂಗೈ ಚಾಚಿ.

ಮಲ್ಲಿ ಅದರತ್ತ ನೋಡಲೇ ಇಲ್ಲ.

"ಅವ್ವೆ ಹಣವ ಕೇಳಲೇ ಇಲ್ಲೆ ಅಣ್ಣಾ. ನಟರಾಜ ಎಲ್ಲಿ, ನಟರಾಜ ಎಲ್ಲಿ ಎಂದೇ ಕೇಳ್ತಿದ್ಲು. ಕಾರು ಸರಿ ಮಾಡ್ತಾ ಇದಾನೆ ಅಂದೆ."