ಹೋಟೆಲಿನ ಪ್ರಶ್ನೆ

"ಹೋಟೆಲಿನ ಪ್ರಶ್ನೆಗೆ ಉತ್ತರ ಬರೆದವರು ಹೊಡೆದುಹಾಕಿ" ಎಂದು ವಿನೋದ ಸರ್ ಹೇಳಿದ್ದು ಗೌಡರ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ. ಊರ ಹೋಟೆಲಿನಲ್ಲಿ ಎಲ್ಲ ಜಾತಿಯವರಿಗೂ ಒಂದೇ ಥರದ ಲೋಟ ಕೊಡುತ್ತಾರೆಯೇ ಎಂಬ ಆ ಪ್ರಶ್ನೆಯನ್ನು ಸಿದ್ಧಮಾಡಿದವರೂ ಅವರೇ. ರಾಯಚೂರಿನಿಂದ ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳನ್ನು ದೇವದುರ್ಗದ ಆಚೆಯ ಈ ಊರಿಗೆ ಸಮೀಕ್ಷೆಗೆಂದು ಕರೆತಂದಿದ್ದರು. ಉಂಡ ಮನೆಯ ಜಂತಿ ಎಣಿಸಬಾರದಂತೆ.

ಆ ವಿದ್ಯಾರ್ಥಿಗಳಲ್ಲಿ ಒಬ್ಬಳಾದ ಮೌನೇಶ್ವರಿಗೆ ಮೈಯೆಲ್ಲ ಉರಿಯಿತು. ಇದು ಅವಳದೇ ಊರು. ಬೆಳಿಗ್ಗೆ ಆ ಪ್ರಶ್ನೆಯನ್ನು ಅವಳು ಕೇಳಿದ್ದು ತನ್ನ ಅವ್ವ ಯಮನಮ್ಮನಿಗೆ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ಬಿಟ್ಟು ಮಗಳ ಮುಖವನ್ನೇ ನೋಡಿದ್ದಳು.

"ನಿನಗ ಗೊತ್ತಿಲ್ಲೇನು ಬೇ? ಅವರಿಗೆ ಗಾಜಿನ ಗಿಲಾಸ, ನಮಗ ಪೇಪರ್ ಕಪ್. ಇದನ್ನ ನನ್ನ ಬಾಯಿಲೆ ಹೇಳಸಾಕ ನಿನ್ನ ಇಷ್ಟು ಓದಿಸಿದೆನೇನು?"

ಆಮೇಲೆ ದನಿ ತಗ್ಗಿಸಿ, "ಬರಿ. ನನ್ನ ಹೆಸರು ಹಾಕೇ ಬರಿ" ಎಂದಿದ್ದಳು. ಅವ್ವ ನಾಳೆ ಕೂಲಿಗೆ ಹೋಗಬೇಕಾದದ್ದು ಅದೇ ಗೌಡರ ಹೊಲಕ್ಕೆ.

ಈಗ ಅದನ್ನು ಹೊಡೆದುಹಾಕಬೇಕು. ಅಸಮಾನತೆ ಎಂದರೇನೆಂದು ಕ್ಲಾಸಿನಲ್ಲಿ ಗಂಟೆಗಟ್ಟಲೆ ಕೊರೆದ ಬಾಯಿಂದಲೇ ಈ ಅಪ್ಪಣೆ.

"ಸರ್, ಹಂಗಾದ್ರ ನಾವು ಬಂದಿದ್ದು ಯಾತಕ್ಕರೀ?"

ಮುಂದಿನ ವರ್ಷವೂ ಈ ಊರಿಗೆ ಬರಬೇಕಲ್ಲಮ್ಮ, ಸುಮ್ಮನೆ ಯಾಕೆ ಕೆಣಕುವುದು ಎಂದು ಅವರು ನಕ್ಕರು. ನಿನ್ನ ಅಂಕಗಳೂ ಇದರಲ್ಲೇ ಇವೆ ಎಂದು ನೆನಪಿಸಿದರು. ನಕ್ಕದ್ದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಹೊರಡುವ ಮುಂಚೆ ಎಲ್ಲರೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾಕ್ಕೆ ಕೂತರು. ಮಾಲೀಕ ತಿರುಪತಿ ಗಾಜಿನ ಗಿಲಾಸುಗಳನ್ನು ಒಂದೊಂದಾಗಿ ಇಡುತ್ತ ಬಂದ. ಮೌನೇಶ್ವರಿಯ ಮುಂದೆ ಅವನ ಕೈ ತಡೆಯಿತು.

"ನೀ ಯಮನಮ್ಮನ ಮಗಳಲ್ಲೇನು?"

ಹೌದೆಂದಳು. ಅವನು ಗಿಲಾಸನ್ನು ವಾಪಸು ಒಯ್ದು ಪೇಪರ್ ಕಪ್ಪಿನಲ್ಲಿ ಚಹಾ ತಂದಿಟ್ಟ. ಮುಖದಲ್ಲಿ ಅಳುಕೇ ಇಲ್ಲ. ಸಕ್ಕರೆ ಸಾಕೇನು ಎಂದೂ ವಿಚಾರಿಸಿದ.

ಮೌನೇಶ್ವರಿ ಕಪ್ಪನ್ನು ಎತ್ತಿಕೊಂಡು ಹೋಗಿ ವಿನೋದ ಸರ್ ಮುಂದೆ ಇಟ್ಟಳು. ಅದರ ಪಕ್ಕದಲ್ಲಿ ಸಮೀಕ್ಷೆಯ ಹಾಳೆ ಬಿಡಿಸಿದಳು.

"ಇದನ್ನೂ ಹೊಡದು ಹಾಕ್ಲೇನ್ರಿ ಸರ್?"

ಅವರು ಹಾಳೆಯತ್ತ ನೋಡಲಿಲ್ಲ, ತಿರುಪತಿಯತ್ತಲೂ ನೋಡಲಿಲ್ಲ. ಅವಳು ನಿಂತುಕೊಂಡೇ ಪೆನ್ನು ತೆಗೆದು ಅವ್ವನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದಳು. ಸರ್ ಕೈಯಲ್ಲಿದ್ದ ಗಾಜಿನ ಗಿಲಾಸು ತುಟಿಗೂ ಹೋಗಲಿಲ್ಲ, ಮೇಜಿಗೂ ಇಳಿಯಲಿಲ್ಲ. ಪೇಪರ್ ಕಪ್ಪಿನ ಚಹಾದ ಮೇಲೆ ಮೆಲ್ಲಗೆ ಕೆನೆ ಕಟ್ಟತೊಡಗಿತ್ತು.