ಬೀಳು ಎಂದು ಬರೆದ ಹೊಲ

ಬೆಳಿಗ್ಗೆಯಿಂದ ಸೊರಬದ ಸುತ್ತ ಹದಿನೇಳು ಹೊಲ ತಿರುಗಿ, ಜಡೆ ಊರು ದಾಟಿ ಬಸ್ಸಿಳಿದಾಗ ಮೂರು ಗಂಟೆಯಾಗಿತ್ತು. ಚಪ್ಪಲಿಗೆ ಹತ್ತಿದ ಕೆಸರನ್ನು ಕೆರೆದು ತೆಗೆಯುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಡಿಗ್ರಿ ಮುಗಿಸಿ ಶಿಕಾರಿಪುರದ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಹಿಡಿದ ಕೆಲಸ ಇದು, ಬೆಳೆ ಸಮೀಕ್ಷೆ. ಹೊಲದೊಳಗೆ ನಿಂತು ಬೆಳೆಯ ಫೋಟೋ ತೆಗೆದು ಮೊಬೈಲಿನ ಆ್ಯಪಿಗೆ ಹಾಕಬೇಕು. ಅಲ್ಲಿ ಹಾಕಿದ್ದೇ ಪಹಣಿಗೆ ಹೋಗುತ್ತದೆ. ಅಂದು ಕೊನೆಯ ದಿನ, ಸಂಜೆ ಆರಕ್ಕೆ ಆ್ಯಪು ಮುಚ್ಚುತ್ತಿತ್ತು. ಉಳಿದದ್ದು ಮಾಸ್ತಮ್ಮನ ಹೊಲ ಒಂದೇ. ಅದನ್ನು ಕೊನೆಗೆ ತಳ್ಳಿದವಳು ನಾನೇ.

ಹೋದ ವರ್ಷ ಇಲ್ಲಿಗೆ ಬಂದಾಗ ಜೋರು ಮಳೆ. ದಾರಿಯಲ್ಲಿ ಸಿಕ್ಕ ರಂಗಪ್ಪ ಎಂಬವರು, "ಆ ಯಮ್ಮ ಏನೂ ಹಾಕಿಲ್ಲ ಕಣ್ರೀ, ಬೀಳು ಬಿಟ್ಟಾಳೆ" ಎಂದರು. ಇನ್ನೊಬ್ಬರನ್ನು ಕೇಳಲು ನನಗೆ ನಾಚಿಕೆ. ಬದುವಿನ ಮೇಲಿಂದಲೇ ಹುಲ್ಲಿನ ಫೋಟೋ ತೆಗೆದು 'ಬೀಳು' ಎಂದು ಹಾಕಿ ಹೋಗಿಬಿಟ್ಟೆ. ಕೆಳಗಿನ ಇಳಿಜಾರಿನಲ್ಲಿ ಮೆಕ್ಕೆಜೋಳ ನಿಂತಿತ್ತಂತೆ. ಪಹಣಿಯಲ್ಲಿ ಬೆಳೆಯಿಲ್ಲವೆಂದು ಬೆಂಬಲ ಬೆಲೆಯ ಕೇಂದ್ರದವರು ಆ ಜೋಳವನ್ನು ತೆಗೆದುಕೊಳ್ಳಲಿಲ್ಲವೆಂದು ಆಮೇಲೆ ತಿಳಿಯಿತು.

ಈ ಸಲ ನೇರವಾಗಿ ಜೋಳದ ಸಾಲಿಗೆ ನುಗ್ಗಿದೆ. ಹತ್ತು ಹೆಜ್ಜೆ ಇಟ್ಟಿರಬಹುದು, ಕಾಲ ಬಳಿ ಏನೋ ಬುಸ್ ಎಂದಿತು. ಹಾವೆಂದು ಹಾರಿಬಿದ್ದೆ.

"ಏ ತಂಗೀ, ಮುಂದೆ ಇಡಬ್ಯಾಡ ಕಾಲು!" ಬದುವಿನಿಂದ ಒಬ್ಬ ಹೆಂಗಸು ಕೂಗಿದರು. ಓಡಿ ಬಂದವರೇ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಮಾಸ್ತಮ್ಮ.

ಉದುರಿದ ಜೋಳದ ಗರಿಯ ಒಣ ರವದಿಯ ಮೇಲೆ ರವದಿಯದೇ ಬಣ್ಣದ ಮೂರು ಮರಿಗಳು. ಕಾಡುಬೆಕ್ಕಿನವು. ಅಂಗೈಯಷ್ಟಿದ್ದ ಒಂದು ಮರಿ ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿತ್ತು.

"ಜೋಳದ ಫೋಟೋ ತೆಗೀಬೇಕಿತ್ತು, ಸಮೀಕ್ಷೆಗೆ" ಎಂದೆ.

"ತೆಗಿಯಂತೆ. ಮನುಷ್ಯರ ವಾಸ್ನೆ ಬಡೀತಲ್ಲ, ಇನ್ನು ತಾಯಿ ಬಂದು ಒಯ್ತದೆ. ಅಲ್ಲೀವರೆಗೆ ಕೂತ್ಕ."

"ಆರಕ್ಕೆ ಮುಚ್ಚುತ್ತೇ ಅಮ್ಮಾ."

"ಕೂತ್ಕ ಮಾರಾಯ್ತಿ. ಮುಖ ನೋಡಿದ್ರೆ ಈಗ್ಲೋ ಆಗ್ಲೋ ಬೀಳಂಗಿದೀಯ. ಉಂಡೀಯಾ?"

ಇಲ್ಲವೆನ್ನಲೂ ಹೌದೆನ್ನಲೂ ಬಿಡಲಿಲ್ಲ. ಬದುವಿನ ಮೇಲೆ ಕೂರಿಸಿ, ಬಟ್ಟೆಯ ಗಂಟು ಬಿಚ್ಚಿ ಅಕ್ಕಿ ರೊಟ್ಟಿ, ಹೀರೇಕಾಯಿ ಚಟ್ನಿಯನ್ನು ನನ್ನ ಕೈಗಿಟ್ಟರು. ಅದು ಅವರ ಊಟ. ಯಾರ ಮಗಳು, ಯಾವ ಊರು ಎಂದೂ ಕೇಳಿರಲಿಲ್ಲ.

"ಹೋದ್ವರ್ಷ ಯಾವನೋ ಬಂದು ಬೀಳು ಅಂತ ಬರ್ಕಂಡು ಹೋದ" ಎಂದರು. "ಕಣ್ಣು ಬೆನ್ನಾಗಿತ್ತೇನೋ! ಟ್ರ್ಯಾಕ್ಟರಿನಾಗೆ ತುಂಬಿದ ಜೋಳ ವಾಪಸ್ ಮನೀಗೆ ಬಂತು. ನೀನಾದ್ರೂ ಸರಿ ಬರಿ."

ರೊಟ್ಟಿಯನ್ನು ಕೆಳಗಿಟ್ಟೆ. ನೀರು ಕುಡಿದೆ.

ನಾಲ್ಕೂವರೆಯಾಯಿತು. ನನಗೆ ತೂಕಡಿಕೆ. ಮಾಸ್ತಮ್ಮ ಮೆಲ್ಲಗೆ ತಿವಿದರು. ಸಾಲಿನ ನಡುವೆ ಉದ್ದ ಕಾಲಿನ, ಕಿವಿತುದಿ ಕಪ್ಪಗಿದ್ದ ಬೆಕ್ಕು ನಿಂತು ನಮ್ಮನ್ನೇ ನೋಡುತ್ತಿತ್ತು. ಬಹಳ ಹೊತ್ತು ನೋಡಿತು. ಆಮೇಲೆ ನಮ್ಮನ್ನು ಲೆಕ್ಕಕ್ಕೇ ಇಡದೆ ಒಂದು ಮರಿಯ ಕುತ್ತಿಗೆಯನ್ನು ಕಚ್ಚಿಕೊಂಡು, ನನ್ನ ಮೊಣಕಾಲಿನಿಂದ ನಾಲ್ಕು ಮಾರು ದೂರದಲ್ಲಿ ಬದು ದಾಟಿತು. ಜೋತುಬಿದ್ದ ಮರಿಯ ಹಿಂಗಾಲುಗಳು ಹೆಜ್ಜೆಹೆಜ್ಜೆಗೂ ಅಲ್ಲಾಡುತ್ತಿದ್ದವು.

"ಬಾಣಂತಿ ಮನೆ ಬದ್ಲಾಯಿಸ್ತಾಳೆ ನೋಡು" ಮಾಸ್ತಮ್ಮ ಪಿಸುಗುಟ್ಟಿದರು. ನನಗೆ ನಗು ಬಂತು. ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಣಿಯುತ್ತಿತ್ತು. ಇಷ್ಟು ದಣಿವಿನಲ್ಲೂ ನಗು ಎಲ್ಲಿತ್ತೋ. ಎರಡನೆಯದು ಹೋಯಿತು. ಸಿಟ್ಟಿನ ಮರಿಯನ್ನು ಒಯ್ಯಲು ತಾಯಿ ಬಂದಾಗ ಐದೂ ಹತ್ತು. ಹೋಗುತ್ತಾ ಆ ಮರಿ ಬಾಲವನ್ನು ಒಮ್ಮೆ ಬೀಸಿತು. ಇನ್ನೊಂದು ಮರಿ ಇದ್ದಿದ್ದರೆ ಎನಿಸಿತು.

ಇಳಿಜಾರಿನ ತಳದವರೆಗೂ ಹೋಗಿ ಫೋಟೋ ತೆಗೆದೆ. ನೆಟ್‌ವರ್ಕಿಗೆ ಟಾರು ರಸ್ತೆಗೇ ಬರಬೇಕು. ಮಾಸ್ತಮ್ಮನೂ ಜೊತೆಗೆ ಬಂದರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳಿಗೆ ಒತ್ತಲು ಆಗಲಿಲ್ಲ.

"ಅಮ್ಮಾ, ಹೋದ ವರ್ಷ ಬಂದಿದ್ದು ಗಂಡಸಲ್ಲ. ನಾನೇ. ಕೆಳಗೆ ಬಂದು ನೋಡಲೇ ಇಲ್ಲ."

ಅವರು ನನ್ನನ್ನು ನೋಡಿದರು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಿತ್ತು.

"ಏನು ಬರ್ದೀಯ, ಓದು."

ಓದಿದೆ. ಹೆಸರು, ಸರ್ವೆ ನಂಬರು, ಬೆಳೆ ಮೆಕ್ಕೆಜೋಳ, ವಿಸ್ತೀರ್ಣ ಒಂದು ಎಕರೆ ಆರು ಗುಂಟೆ.

"ಇನ್ನೊಂದ್ಸಲ."

ನಿಧಾನಕ್ಕೆ ಓದಿದೆ. ಒಂದೊಂದು ಮಾತಿಗೂ ಅವರ ತುಟಿ ಅಲುಗುತ್ತಿತ್ತು.

"ಹ್ಞೂಂ. ಈಗ ಒತ್ತು."

ಒತ್ತಿದೆ. ಹೋಯಿತೆಂಬ ಹಸಿರು ಗುರುತು ಬಿತ್ತು. ಅದು ಅಲ್ಲೇ ಇದೆಯೋ ಅಳಿಸಿಹೋಗುತ್ತದೆಯೋ ಎಂಬಂತೆ ಮಾಸ್ತಮ್ಮ ನನ್ನ ಮೊಬೈಲನ್ನು ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡಿದ್ದರು. ಬಸ್ಸು ಬಂದು ನಿಂತ ಮೇಲೆಯೇ ವಾಪಸು ಕೊಟ್ಟದ್ದು.